ನಗು ನಿಲ್ಲಲು ಹಿಡಿದ ಹೊತ್ತು: ಲಾಫ್ ಫ್ಯಾಕ್ಟರಿ, ನವೆಂಬರ್ 17, 2006

ಅಮೆರಿಕದ ನಟ ಮೈಕಲ್ ರಿಚರ್ಡ್ಸ್ ಕಾಮಿಡಿ ಕ್ಲಬ್ಬೊಂದರ ವೇದಿಕೆಯಿಂದ ಪ್ರೇಕ್ಷಕರನ್ನು ಬೈದ ಘಟನೆಯ ಮಾತು ಬಂದಾಗಲೆಲ್ಲ ಜನ ವೇದಿಕೆಯ ಮೇಲೆ ನಿಂತಿದ್ದವರ ಬಗ್ಗೆಯೇ ಮಾತಾಡುತ್ತಾರೆ. ಅವರು ಏನಂದರು, ಯಾಕಂದರು, ಮನಸ್ಸಿನಲ್ಲಿ ಏನಿತ್ತು, ಆಮೇಲೆ ಕ್ಷಮೆ ಕೇಳಿದ್ದು ನಿಜವೋ ತೋರಿಕೆಯೋ. ನನ್ನನ್ನು ಮೊದಲಿಂದಲೂ ಕಾಡಿದ್ದು ಕೆಳಗೆ ಕೂತಿದ್ದವರು. ದುಡ್ಡು ಕೊಟ್ಟು, ಶುಕ್ರವಾರ ರಾತ್ರಿ, ನಾಲ್ಕು ಗಳಿಗೆ ನಕ್ಕು ಹೋಗೋಣ ಅಂತ ಬಂದವರು. ಅವರು ಯಾವಾಗ ನಕ್ಕರು, ಯಾವಾಗ ನಗು ನಿಲ್ಲಿಸಿದರು, ಯಾರು ಎದ್ದು ಹೋದರು, ಯಾರು ಬಾಯಿ ಬಿಟ್ಟು ಇದು ತಪ್ಪು ಅಂದರು. ಹಾಸ್ಯದಲ್ಲಿ ಪ್ರೇಕ್ಷಕರಿಗೂ ಅರ್ಧ ಪಾತ್ರ ಇರುತ್ತದೆ ಅಲ್ವಾ? ಹಾಗಾಗಿ ಈ ಪ್ರಕರಣವನ್ನು ಅವರ ಕಡೆಯಿಂದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಮೈಕಲ್ ರಿಚರ್ಡ್ಸ್ ಅಮೆರಿಕದ ಟಿವಿ ನಟ. 'ಸೈನ್‌ಫೆಲ್ಡ್' ಹಾಸ್ಯ ಧಾರಾವಾಹಿಯ ಕ್ರೇಮರ್ ಅವರೇ. 2006ರ ನವೆಂಬರ್ 17ರ ರಾತ್ರಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿರುವ ಲಾಫ್ ಫ್ಯಾಕ್ಟರಿ ಅನ್ನುವ ಕಾಮಿಡಿ ಕ್ಲಬ್ಬಿನಲ್ಲಿ ಅವರು ಸ್ಟ್ಯಾಂಡ್-ಅಪ್, ಅಂದರೆ ಒಬ್ಬರೇ ನಿಂತು ನಗಿಸುವ ಕಾರ್ಯಕ್ರಮ ಕೊಡುತ್ತಿದ್ದರು. ಮೇಲಿನ ಬಾಲ್ಕನಿಯಲ್ಲಿ ಕೂತಿದ್ದ ಒಂದು ಗುಂಪಿನಿಂದ ಮಾತು, ಸದ್ದು ಕೇಳಿಬಂತು. ರಿಚರ್ಡ್ಸ್ ಸಿಟ್ಟಿಗೆದ್ದರು. ಆ ಗುಂಪಿನ ಕಪ್ಪು ಯುವಕರ ಮೇಲೆ ಎನ್ ಅಕ್ಷರದಿಂದ ಶುರುವಾಗುವ, ಗುಲಾಮಗಿರಿಯ ಕಾಲದಿಂದ ಬಂದ ಬೈಗುಳವನ್ನು ಒಂದಲ್ಲ ಎರಡಲ್ಲ, ಮತ್ತೆ ಮತ್ತೆ ಕೂಗಿದರು. ಯಾರೋ ಫೋನಿನಲ್ಲಿ ಇದನ್ನು ರೆಕಾರ್ಡ್ ಮಾಡಿಕೊಂಡಿದ್ದರು. ಸೋಮವಾರ ಅದು ಟಿಎಂಜಡ್ ಸುದ್ದಿತಾಣದಲ್ಲಿ ಬಂತು. ಅಲ್ಲಿಗೆ ಅವರ ಸ್ಟ್ಯಾಂಡ್-ಅಪ್ ಬದುಕು ಹೆಚ್ಚುಕಡಿಮೆ ಮುಗಿಯಿತು.

ಆದರೆ ಆ ರಾತ್ರಿ ಜನ ಯಾಕೆ ಹಾಗೆ ನಡೆದುಕೊಂಡರು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

'ಸೈನ್‌ಫೆಲ್ಡ್' 1989ರಲ್ಲಿ ಶುರುವಾಗಿ 1998ರ ಮೇ 14ಕ್ಕೆ ಮುಗಿಯಿತು. ಒಟ್ಟು 180 ಕಂತು. ಕೊನೆಯ ಕಂತನ್ನು ಸುಮಾರು 7.6 ಕೋಟಿ ಜನ ನೋಡಿದರು. ಕ್ರೇಮರ್ ಅದರಲ್ಲಿ ನಾಯಕ ಜೆರ್ರಿಯ ಎದುರುಮನೆಯವನು. ಬಾಗಿಲು ತಟ್ಟುವುದಿಲ್ಲ, ಧಡಾರನೆ ತಳ್ಳಿಕೊಂಡು ಜಾರಿಕೊಂಡು ಒಳಗೆ ಬರುತ್ತಾನೆ. ಕೂದಲು ನೆಟ್ಟಗೆ ನಿಂತಿರುತ್ತದೆ, ಕೈಕಾಲು ಒಂದೊಂದು ಒಂದೊಂದು ಕಡೆ. ಬಾಯಿಂದ ಮಾತು ಬರುವ ಮೊದಲೇ ಜನ ನಗುತ್ತಿದ್ದರು. ಸ್ಟುಡಿಯೋದಲ್ಲಿ ಎದುರಿಗೆ ಕೂತು ನೋಡುತ್ತಿದ್ದವರು ಕ್ರೇಮರ್ ಬಂದ ಕೂಡಲೇ ಎಷ್ಟು ಚಪ್ಪಾಳೆ ತಟ್ಟುತ್ತಿದ್ದರು ಅಂದರೆ ಉಳಿದ ನಟರು ಮುಂದಿನ ಮಾತು ಹೇಳಲಾಗದೆ ಸುಮ್ನೆ ನಿಲ್ಲಬೇಕಾಗುತ್ತಿತ್ತು. ಕೊನೆಗೆ, ದಯವಿಟ್ಟು ಆತ ಬಂದಾಗ ಚಪ್ಪಾಳೆ ತಟ್ಟಬೇಡಿ ಅಂತ ಪ್ರೇಕ್ಷಕರನ್ನೇ ಕೇಳಿಕೊಳ್ಳಬೇಕಾಯಿತು. ಈ ಪಾತ್ರಕ್ಕೆ ರಿಚರ್ಡ್ಸ್‌ಗೆ 3 ಎಮ್ಮಿ, ಅಂದರೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ, ಬಂದವು.

ಈ ಚಪ್ಪಾಳೆಯ ವಿಷಯವನ್ನು ನಾನು ಸುಮ್ನೆ ಹೇಳುತ್ತಿಲ್ಲ. ಒಂಬತ್ತು ವರ್ಷ ಕೋಟ್ಯಂತರ ಜನ ಒಂದು ಅಭ್ಯಾಸ ಬೆಳೆಸಿಕೊಂಡರು. ಈ ಮನುಷ್ಯನ ದೇಹ ಅದುರಿದರೆ, ಧ್ವನಿ ಏರಿದರೆ, ಮುಖ ವಿಕಾರವಾದರೆ, ಅದು ನಗುವ ಹೊತ್ತು. ಕ್ರೇಮರ್ ಸಿಟ್ಟಾದರೂ ನಗು, ಬಿದ್ದರೂ ನಗು, ಹೆದರಿದರೂ ನಗು. ನಮ್ಮ ಊರಿನ ಜಾತ್ರೆಗೋ ಗಣೇಶೋತ್ಸವಕ್ಕೋ ಧಾರಾವಾಹಿ ನಟರು ಬಂದಾಗ ನೋಡಿದವರಿಗೆ ಇದು ಗೊತ್ತಿರುತ್ತದೆ. ನಟನ ನಿಜವಾದ ಹೆಸರು ಹಿಡಿದು ಯಾರೂ ಕೂಗುವುದಿಲ್ಲ, ಪಾತ್ರದ ಹೆಸರನ್ನೇ ಕೂಗುತ್ತಾರೆ, ಆ ಒಂದು ಡೈಲಾಗ್ ಹೇಳಿ ಅಂತ ಬಿಡದೆ ಕೇಳುತ್ತಾರೆ. ಟಿವಿ ನಟ ಒಬ್ಬನೇ ವೇದಿಕೆಗೆ ಬರುವುದಿಲ್ಲ. ಪಾತ್ರ ಜೊತೆಗೇ ಬಂದಿರುತ್ತದೆ.

1998ರ ನಂತರ ರಿಚರ್ಡ್ಸ್‌ಗೆ ಹೇಳಿಕೊಳ್ಳುವಂಥದ್ದು ಏನೂ ಕೈಗೆ ಹತ್ತಲಿಲ್ಲ. 2000ದಲ್ಲಿ ಎನ್‌ಬಿಸಿ ಚಾನೆಲ್ ಅವರದೇ ಹೆಸರಿನಲ್ಲಿ ಒಂದು ಧಾರಾವಾಹಿ ಮಾಡಿತು, ಕೆಲವೇ ಕಂತಿಗೆ ನಿಂತುಹೋಯಿತು. ಮತ್ತೆ ಸಣ್ಣ ಕ್ಲಬ್ಬುಗಳ ಸ್ಟ್ಯಾಂಡ್-ಅಪ್ ವೇದಿಕೆಗೆ ಬಂದರು. ಅವರು ಮೊದಲಿಂದಲೂ ಬರೆದಿಟ್ಟ ಜೋಕುಗಳನ್ನು ಒಂದರ ಹಿಂದೆ ಒಂದು ಹೇಳುವ ಜಾತಿಯವರಲ್ಲ. ನಿಂತಲ್ಲೇ ಏನಾದರೂ ಹುಟ್ಟಿಸುವವರು, ಮೈಯನ್ನೇ ನಂಬಿದವರು. ಸ್ಟುಡಿಯೋದಲ್ಲಿ ಇಂಥವರಿಗೆ ಮತ್ತೊಂದು ಟೇಕ್ ಇರುತ್ತದೆ, ನಿರ್ದೇಶಕ ಇರುತ್ತಾನೆ, ಜೊತೆಗೆ ಮೂವರು ನಟರು ಇರುತ್ತಾರೆ. ಕ್ಲಬ್ಬಿನಲ್ಲಿ ಮೈಕು ಒಂದೇ.

ಕಾಮಿಡಿ ಕ್ಲಬ್ ನಮ್ಮ ರಂಗಮಂದಿರದ ಹಾಗಲ್ಲ. ಜಾಗ ಚಿಕ್ಕದು, ಒತ್ತಾಗಿ ಕೂತಿರುತ್ತಾರೆ, ಮುಂದಿನ ಸಾಲಿನವರ ಮುಖ ಕಲಾವಿದನಿಗೆ ಚೆನ್ನಾಗಿ ಕಾಣುತ್ತದೆ. ಕಾರ್ಯಕ್ರಮದ ನಡುವೆಯೇ ಕುಡಿಯುವುದಕ್ಕೆ ಆರ್ಡರ್ ಕೊಡುತ್ತಾರೆ. ಅಲ್ಲಿನ ಬಹಳಷ್ಟು ಕ್ಲಬ್ಬುಗಳಲ್ಲಿ ತಲೆಗೆ ಎರಡು ಡ್ರಿಂಕ್ ತಗೊಳ್ಳಲೇಬೇಕು ಅನ್ನುವ ನಿಯಮವೂ ಉಂಟು. ಅಂದಮೇಲೆ ಗುಜುಗುಜು ಇದ್ದೇ ಇರುತ್ತದೆ. ನಡುವೆ ಬಾಯಿ ಹಾಕುವವರೂ ಇರುತ್ತಾರೆ. ಅವರಿಗೆ ಹೆಕ್ಲರ್ ಅನ್ನುತ್ತಾರೆ. ಅನುಭವಿ ಕಲಾವಿದರು ಅವರ ಕಾಲೆಳೆದು, ಉಳಿದವರನ್ನು ನಗಿಸಿ, ತಮ್ಮ ದಾರಿಗೆ ವಾಪಸ್ ಬರುತ್ತಾರೆ. ಪ್ರೇಕ್ಷಕರು ಇದಕ್ಕಾಗಿ ಕಾಯುವುದೂ ಉಂಟು. ಯಾರನ್ನಾದರೂ ವೇದಿಕೆಯಿಂದ ಬೈದರೆ ಅದೂ ಆಟದ ಭಾಗ ಅಂತಲೇ ತಗೊಳ್ಳುತ್ತಾರೆ. ಇದು ಎರಡನೆಯ ಅಭ್ಯಾಸ.

ಈಗ ಆ ರಾತ್ರಿಗೆ ಬರೋಣ. ಹೊರಬಂದ ವಿಡಿಯೋ ಇರುವುದು ಕೆಲವೇ ನಿಮಿಷ, ಅದೂ ಜಗಳದ ನಡುವಿನಿಂದ ಶುರುವಾಗುತ್ತದೆ. ಅದಕ್ಕೂ ಮೊದಲು ಏನಾಯಿತು ಅನ್ನುವುದಕ್ಕೆ ಅಲ್ಲಿದ್ದವರ ಮಾತೇ ಆಧಾರ. ಆ ಗುಂಪಿನವರು ಆಮೇಲೆ ಹೇಳಿದ್ದರ ಪ್ರಕಾರ, ಅವರು ಬಂದು ಕೂತು ಡ್ರಿಂಕ್ಸ್ ಆರ್ಡರ್ ಮಾಡುವಾಗ ರಿಚರ್ಡ್ಸ್ ಈ ಗುಂಪಿನವರ ಬಣ್ಣ, ಮೂಲ ಹಿಡಿದು ಕೆಣಕಿದರು. ಅದಕ್ಕೆ ಒಬ್ಬರು, ನೀವು ನಗಿಸುತ್ತಿಲ್ಲ ಅಂತ ನನ್ನ ಸ್ನೇಹಿತನಿಗೆ ಅನಿಸುತ್ತಿದೆ ಅಂತ ಕೂಗಿದರು. ಅಲ್ಲಿಂದ ಹತ್ತಿಕೊಂಡಿತು.

ವಿಡಿಯೋದಲ್ಲಿ ಮೊದಲು ಕೇಳುವುದೇ ಬಾಯಿ ಮುಚ್ಚು ಅನ್ನುವ ಕೂಗು. ಅದರ ಬೆನ್ನಿಗೇ, 50 ವರ್ಷದ ಹಿಂದೆ ಆಗಿದ್ದರೆ ನಿನ್ನನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದೆವು ಅನ್ನುವ ಅರ್ಥದ ಮಾತು. ನಮಗೆ ಇದು ಬರೀ ಕೆಟ್ಟ ಬೈಗುಳದ ಹಾಗೆ ಕೇಳಬಹುದು. ಅಲ್ಲಿಯವರಿಗೆ ಹಾಗಲ್ಲ. 2006ರಿಂದ 50 ವರ್ಷ ಹಿಂದೆ ಅಂದರೆ 1956. ಅದಕ್ಕೆ ಒಂದು ವರ್ಷ ಮೊದಲು, 1955ರ ಆಗಸ್ಟ್‌ನಲ್ಲಿ, ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು ಹಿಂಸಿಸಿ ಕೊಂದು ನದಿಗೆ ಎಸೆದಿದ್ದರು. ಕೊಂದವರನ್ನು ಜ್ಯೂರಿ ಬಿಟ್ಟುಬಿಟ್ಟಿತು. ಬಾಲ್ಕನಿಯಲ್ಲಿ ಕೂತಿದ್ದ ಯುವಕರ ಅಜ್ಜ ಅಜ್ಜಿಯರು ಕಣ್ಣಾರೆ ಕಂಡ ಕಾಲ ಅದು. ನಮ್ಮಲ್ಲಿ ತುಂಬಿದ ಸಭೆಯಲ್ಲಿ ಒಬ್ಬನನ್ನು ಜಾತಿ ಹಿಡಿದು ಕೂಗಿದರೆ ಅವನ ಕಿವಿಗೆ ಅದು ಹೇಗೆ ಬೀಳುತ್ತದೆ ಅಂತ ಯೋಚಿಸಿ ನೋಡಿ.

ಆ ಮೊದಲ ಮಾತಿಗೆ ಕೆಳಗಿನಿಂದ ಬಂದದ್ದು ಏನು? ಒಂದಷ್ಟು ನಗು. ಜೊತೆಗೆ ಓಹ್ ಅನ್ನುವ ಸದ್ದು. ನನಗೆ ಈ ಜಾಗದಲ್ಲಿ ಪ್ರತಿ ಸಲವೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ನಕ್ಕವರು ಕ್ರೂರಿಗಳು ಅಂತ ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಅವರ ಕಣ್ಣಿಗೆ ಕಾಣುತ್ತಿದ್ದದ್ದು ಒಂಬತ್ತು ವರ್ಷ ನಗಿಸಿದ ಅದೇ ದೇಹ, ಅದೇ ಅದುರುವ ಕೈ, ಅದೇ ಒಡೆದ ಧ್ವನಿ. ಹೆಕ್ಲರ್‌ನನ್ನು ಬೈಯುವುದು ಆಟದ ಭಾಗ ಅನ್ನುವುದೂ ತಲೆಯಲ್ಲಿದೆ. ಕಿವಿಗೆ ಮಾತು ಬಿತ್ತು, ಅರ್ಥ ಇನ್ನೂ ಒಳಗೆ ಇಳಿಯಲಿಲ್ಲ, ಅಷ್ಟರಲ್ಲಿ ನಗು ಹೊರಗೆ ಬಂದುಬಿಟ್ಟಿತು.

ಆಮೇಲೆ ಆ ಪದ ಬಂತು. ಮತ್ತೆ ಬಂತು. ಮತ್ತೆ. ಇವರನ್ನು ಹೊರಗೆ ಹಾಕಿ ಅಂತ ಕೂಗುತ್ತಾ ಕೂಗುತ್ತಾ ಅದೇ ಪದ. ಒಬ್ಬ ಹೆಂಗಸು ಅಯ್ಯೋ ದೇವರೇ ಅನ್ನುವುದು ಕೇಳುತ್ತದೆ. ನಗು ಇಲ್ಲವಾಗುತ್ತದೆ. ಆದರೆ ಅದು ಒಮ್ಮೆಗೇ ಕಡಿದುಹೋಗುವುದಿಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಇನ್ನೂ ಅನುಮಾನದಲ್ಲಿದ್ದಾರೆ, ಇದು ಎಲ್ಲಿಗೋ ಹೋಗಿ ಜೋಕಾಗಿ ಮುಗಿಯುತ್ತದೆ ಅಂತ ಕಾಯುತ್ತಿದ್ದಾರೆ. ರಿಚರ್ಡ್ಸ್ ಕೂಡ ಒಂದು ಗಳಿಗೆ ಆ ಕಡೆ ತಿರುಗಿಸಲು ನೋಡಿದ ಹಾಗಿದೆ. ನೋಡಿ, ಇದು ನಿಮಗೆ ಶಾಕ್ ಆಗುತ್ತದೆ, ಒಳಗೆ ಹೂತಿಟ್ಟಿದ್ದು ಹೊರಗೆ ಬಂದಾಗ ಶಾಕ್ ಆಗುತ್ತದೆ ಅನ್ನುವ ಹಾಗೆ ಏನೋ ಹೇಳುತ್ತಾರೆ. ಇದೊಂದು ಪಾಠ, ಒಂದು ಪ್ರಯೋಗ ಅಂತ ಮಾಡಿಬಿಡುವ ಪ್ರಯತ್ನ ಇರಬಹುದು. ಆದರೆ ಅದೇ ವಾಕ್ಯದಲ್ಲಿ ಮತ್ತೆ ಬೈಗುಳ ಬಂತು. ಅಲ್ಲಿಗೆ ಜನರ ಅನುಮಾನ ಮುಗಿಯಿತು. ಕೆಲವರು ಎದ್ದು ಹೊರಟರು.

ಬಾಲ್ಕನಿಯಲ್ಲಿದ್ದವರಿಗೆ ಈ ಅನುಮಾನದ ಸೌಕರ್ಯ ಒಂದು ಕ್ಷಣವೂ ಇರಲಿಲ್ಲ. ಕೆಳಗಿನವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು, ಮೇಲಿನವರಿಗೆ ಮೊದಲ ಮಾತೇ ನೇರವಾಗಿ ತಾಗಿತು. ಒಂದೇ ಕೋಣೆ, ಒಂದೇ ಕಾರ್ಯಕ್ರಮ, ಒಂದೇ ಟಿಕೆಟ್. ಅವರ ತಲೆಯ ಕೆಳಗೇ ಆ ಮೊದಲ ನಗು ಎದ್ದಿತ್ತು. ಬೈಗುಳದಷ್ಟೇ ಆ ನಗುವೂ ಅವರಿಗೆ ಕೇಳಿರುತ್ತದೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ.

ಅಷ್ಟಾದರೂ ಆ ಗುಂಪಿನಿಂದ ಬಂದ ಒಂದು ಮಾತು ಇದೆ. ಇದು ಬೇಕಿರಲಿಲ್ಲ, ಇಷ್ಟು ಹೇಳುವಂಥದ್ದು ಏನೂ ಆಗಿರಲಿಲ್ಲ ಅಂತ ಒಬ್ಬರು ಹೇಳುತ್ತಾರೆ. ಆ ಹೊತ್ತಿನಲ್ಲಿ ಇಡೀ ಕೋಣೆಯಲ್ಲಿ ಅಳತೆ ತಪ್ಪದೆ ಮಾತಾಡಿದವರು ಅವರೇ. ಇನ್ನೊಂದು ಮಾತು ಹರಿತವಾಗಿತ್ತು. ನೀನು ನಗಿಸುವುದಿಲ್ಲ, ನಿನಗೆ ಬೇರೆ ಶೋ ಇಲ್ಲ, ಸಿನಿಮಾ ಇಲ್ಲ, ಸೈನ್‌ಫೆಲ್ಡ್ ಒಂದೇ ಅಂತ. ರಿಚರ್ಡ್ಸ್ ಅದನ್ನು ಒಪ್ಪಿಕೊಂಡ ಹಾಗೆ ಮಾತಾಡುತ್ತಾರೆ, ಹೌದು, ನನ್ನ ಕಥೆ ಮುಗಿದಿದೆ ಅನ್ನುವ ಧಾಟಿಯಲ್ಲಿ. ಸ್ವಲ್ಪ ಹೊತ್ತಿಗೆ ಮೈಕು ಬಿಟ್ಟು ವೇದಿಕೆಯಿಂದ ಇಳಿದು ಹೋಗುತ್ತಾರೆ. ಅಷ್ಟೂ ಹೊತ್ತು ಯಾರೂ ಮೈಕು ಆಫ್ ಮಾಡಿಸಲಿಲ್ಲ. ವಿಡಿಯೋದಲ್ಲಿ ಕಾಣುವ ಮಟ್ಟಿಗೆ ಆ ಕೋಣೆಯನ್ನು ಯಾರೂ ನಡೆಸುತ್ತಿರಲೇ ಇಲ್ಲ.

ಹತ್ತು ವರ್ಷ ಮೊದಲಾಗಿದ್ದರೆ ಇದು ಆ ರಾತ್ರಿ ಅಲ್ಲಿದ್ದವರ ಬಾಯಲ್ಲಿ ಮಾತ್ರ ಉಳಿಯುತ್ತಿತ್ತು. 2006ರಲ್ಲಿ ಇನ್ನೂ ಐಫೋನ್ ಕೂಡ ಬಂದಿರಲಿಲ್ಲ, ಅದನ್ನು ತೋರಿಸಿದ್ದೇ 2007ರ ಜನವರಿಯಲ್ಲಿ. ಗೂಗಲ್ ಯೂಟ್ಯೂಬನ್ನು ಕೊಳ್ಳುತ್ತೇನೆ ಅಂತ ಹೇಳಿ ತಿಂಗಳಾಗಿತ್ತು ಅಷ್ಟೇ. ಮಸುಕಾದ, ಅಲುಗಾಡುವ ಫೋನ್ ವಿಡಿಯೋ. ಪ್ರೇಕ್ಷಕರು ಬರೀ ನೋಡುವವರಾಗಿ ಉಳಿಯದೆ ಸಾಕ್ಷಿಯೂ ಆದ ಮೊದಮೊದಲ ದೊಡ್ಡ ಪ್ರಕರಣಗಳಲ್ಲಿ ಇದೂ ಒಂದು.

ಸೋಮವಾರ, ನವೆಂಬರ್ 20. ನನ್ನ ಪ್ರಕಾರ ಪ್ರಕರಣದ ಎರಡನೆಯ ಅರ್ಧ ಇಲ್ಲಿದೆ, ಮತ್ತು ಇದನ್ನು ನೋಡದೆ ಮೊದಲರ್ಧ ಪೂರ್ತಿ ಅರ್ಥವಾಗುವುದಿಲ್ಲ. ಅಂದು ನ್ಯೂಯಾರ್ಕ್‌ನಲ್ಲಿ ಡೇವಿಡ್ ಲೆಟರ್‌ಮನ್ ಅವರ ರಾತ್ರಿಯ ಹಾಸ್ಯ-ಮಾತುಕತೆಯ ಟಿವಿ ಕಾರ್ಯಕ್ರಮಕ್ಕೆ, ಕ್ರೇಮರ್ ಇದ್ದ ಆ ಧಾರಾವಾಹಿಯ ನಾಯಕನಟ ಜೆರ್ರಿ ಸೈನ್‌ಫೆಲ್ಡ್ ಅತಿಥಿಯಾಗಿ ಬರಬೇಕಿತ್ತು. ಮರುದಿನ 'ಸೈನ್‌ಫೆಲ್ಡ್' ಏಳನೆಯ ಸೀಸನ್ನಿನ ಡಿವಿಡಿ ಬಿಡುಗಡೆ, ಅದರ ಪ್ರಚಾರಕ್ಕೆ. ವಿಡಿಯೋ ಹೊರಬಂದ ಮೇಲೆ ರಿಚರ್ಡ್ಸ್ ಅದೇ ಕಾರ್ಯಕ್ರಮದಲ್ಲಿ ಸ್ಯಾಟಲೈಟ್ ಮೂಲಕ ಕಾಣಿಸಿಕೊಂಡು ಕ್ಷಮೆ ಕೇಳುವುದು ಅಂತ ಆಯಿತು.

ಪರದೆಯ ಮೇಲೆ ರಿಚರ್ಡ್ಸ್ ಮುಖ ಬಂತು. ಬಾಡಿದ ಮುಖ. ಮಾತು ತಡವರಿಸುತ್ತಿತ್ತು, ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿತ್ತು. ಲೆಟರ್‌ಮನ್ ಎದುರಿಗೆ ಕೂತಿದ್ದ ಪ್ರೇಕ್ಷಕರು ನಕ್ಕರು. ಆತ ವೇದಿಕೆಯ ಮೇಲೆ ಸಿಟ್ಟಿಗೆದ್ದೆ ಅನ್ನುತ್ತಿದ್ದಾರೆ, ಇವರು ನಗುತ್ತಿದ್ದಾರೆ. ಸೈನ್‌ಫೆಲ್ಡ್ ತಡೆಯಲಾಗದೆ ಪ್ರೇಕ್ಷಕರ ಕಡೆ ತಿರುಗಿ, ನಗುವುದನ್ನು ನಿಲ್ಲಿಸಿ, ಇದು ತಮಾಷೆ ಅಲ್ಲ ಅಂದರು. ರಿಚರ್ಡ್ಸ್ ಕೂಡ, ನಿಮ್ಮ ಪ್ರೇಕ್ಷಕರು ನಗುವುದು ಕೇಳುತ್ತಿದೆ, ಈ ಮಾತನ್ನು ಇಲ್ಲಿ ಹೇಳುವುದು ಸರಿಯೋ ಅಲ್ಲವೋ ಗೊತ್ತಾಗುತ್ತಿಲ್ಲ ಅನ್ನುವ ಅರ್ಥದಲ್ಲಿ ಹೇಳಿದರು.

ಒಂದು ಹಾಸ್ಯ ಕಾರ್ಯಕ್ರಮದ ಪ್ರೇಕ್ಷಕರಿಗೆ ನಗಬೇಡಿ ಅಂತ ಹಾಸ್ಯಗಾರನೇ ಹೇಳಬೇಕಾಗಿ ಬಂದದ್ದು. ಒಂದು ಕಾಲದಲ್ಲಿ ಇದೇ ನಟ ಬಾಗಿಲು ತಳ್ಳಿಕೊಂಡು ಬಂದಾಗ ಚಪ್ಪಾಳೆ ತಟ್ಟಬೇಡಿ ಅಂತ ಕೇಳಿಕೊಂಡಿದ್ದರು. ಎರಡೂ ಒಂದೇ ಬೇರಿನಿಂದ ಬಂದದ್ದು ಅಂತ ನನ್ನ ನಂಬಿಕೆ. ಲೆಟರ್‌ಮನ್ ಪ್ರೇಕ್ಷಕರಲ್ಲಿ ಎಷ್ಟೋ ಜನ ಆ ವಿಡಿಯೋ ನೋಡಿರಲಿಕ್ಕಿಲ್ಲ, ಅದು ಹೊರಬಂದದ್ದೇ ಅಂದು. ಜೇಬಿನಲ್ಲಿ ಇಂಟರ್ನೆಟ್ ಇಟ್ಟುಕೊಂಡು ತಿರುಗುವ ಕಾಲವೂ ಅದಲ್ಲ. ಅವರಿಗೆ ಕಂಡದ್ದು ಕ್ರೇಮರ್, ತೊದಲುತ್ತಿರುವ ಕ್ರೇಮರ್. ಅವರು ಕಲಿತದ್ದನ್ನೇ ಮಾಡಿದರು. ಲಾಸ್ ಏಂಜಲೀಸ್‌ನ ಕ್ಲಬ್ಬಿನಲ್ಲಿ ಅವಮಾನಕ್ಕೆ ನಕ್ಕದ್ದೂ, ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಕ್ಷಮೆಗೆ ನಕ್ಕದ್ದೂ ಒಂದೇ ಅಭ್ಯಾಸದಿಂದ.

ಹಾಗಂತ ಪ್ರೇಕ್ಷಕರದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೈದವರು ರಿಚರ್ಡ್ಸ್. ಅದನ್ನು ಯಾವ ಅಭ್ಯಾಸವೂ ಕಡಿಮೆ ಮಾಡುವುದಿಲ್ಲ. ಕ್ಷಮೆ ಕೇಳಲು ಹಾಸ್ಯ ಕಾರ್ಯಕ್ರಮವನ್ನು ಆರಿಸಿಕೊಂಡದ್ದೂ ದೊಡ್ಡ ತಪ್ಪೇ. ನಗುವುದಕ್ಕೆ ಅಂತ ಕೂರಿಸಿದ ಜನರ ಎದುರು ಪಶ್ಚಾತ್ತಾಪ ತೋಡಿಕೊಂಡರೆ ಅದು ಅಲ್ಲಿ ಹೇಗೆ ನಿಲ್ಲುತ್ತದೆ? ಮುಂದಿನ ಭಾನುವಾರ, ನವೆಂಬರ್ 26ಕ್ಕೆ, ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ನಾಯಕ ಜೆಸ್ಸಿ ಜಾಕ್ಸನ್ ಅವರ ರೇಡಿಯೋ ಕಾರ್ಯಕ್ರಮಕ್ಕೆ ಹೋಗಿ ಮತ್ತೊಮ್ಮೆ ಕ್ಷಮೆ ಕೇಳಿದರು. ಅಲ್ಲಿ ಎದುರಿಗೆ ನಗಲು ಕೂತವರು ಇರಲಿಲ್ಲ.

ಆಮೇಲೆ ಚರ್ಚೆ ಬೇರೆ ಕಡೆ ಹರಿಯಿತು. ಆ ಪದವನ್ನು ವೇದಿಕೆಯ ಮೇಲೆ ಯಾರೂ ಬಳಸಬಾರದು, ಕಪ್ಪು ಕಲಾವಿದರೂ ಸೇರಿ ಅಂತ ಜಾಕ್ಸನ್ ಮತ್ತು ಇತರರು ಕರೆ ಕೊಟ್ಟರು. ಜೀವನಪೂರ್ತಿ ಆ ಪದವನ್ನು ತನ್ನ ಹಾಸ್ಯದಲ್ಲಿ ಬಳಸಿದ್ದ ಕಪ್ಪು ಹಾಸ್ಯಗಾರ ಪಾಲ್ ಮೂನಿ, ಈ ವಿಡಿಯೋ ನೋಡಿದ ಮೇಲೆ ಬಿಟ್ಟುಬಿಡುತ್ತೇನೆ ಅಂದರು. ಮೂನಿ ಯಾರಿಗೆ ಜೋಕು ಬರೆದುಕೊಡುತ್ತಿದ್ದರೋ ಆ ಪ್ರಸಿದ್ಧ ಕಪ್ಪು ಹಾಸ್ಯಗಾರ ರಿಚರ್ಡ್ ಪ್ರೈಯರ್ ಅಂತೂ ಆಫ್ರಿಕಾ ಪ್ರವಾಸ ಮಾಡಿ ಬಂದು ಅದೆಷ್ಟೋ ವರ್ಷ ಮೊದಲೇ ಬಿಟ್ಟಿದ್ದರು. ಲಾಫ್ ಫ್ಯಾಕ್ಟರಿ ಆ ಪದಕ್ಕೆ ನಿಷೇಧ ಹಾಕಿ ದಂಡ ಇಟ್ಟಿತು. ಡಿಸೆಂಬರ್‌ನಲ್ಲೇ ಡೇಮನ್ ವೇಯನ್ಸ್ ಅನ್ನುವ ಕಪ್ಪು ಹಾಸ್ಯನಟ ಅದನ್ನು ಬಳಸಿದ್ದಕ್ಕೆ ದಂಡ ತೆತ್ತರು, ಕೆಲವು ತಿಂಗಳು ಅಲ್ಲಿ ವೇದಿಕೆ ಏರದ ಹಾಗೂ ಆಯಿತು. ಇದು ನನಗೆ ಸರಿ ಅನಿಸಲಿಲ್ಲ. ಬಿಳಿ ನಟನೊಬ್ಬ ಪ್ರೇಕ್ಷಕರ ಮೇಲೆ ಕೂಗಿದ್ದಕ್ಕೆ ಹುಟ್ಟಿದ ನಿಯಮದ ಮೊದಲ ಏಟು ಕಪ್ಪು ಕಲಾವಿದನಿಗೆ ಬಿತ್ತು. ಪದಕ್ಕೆ ನಿಯಮ ಬಂತು. ಮುಂದೆ ಇಂಥದ್ದೇ ರಾತ್ರಿ ಬಂದರೆ ವೇದಿಕೆಯ ದೀಪ ಯಾರು ಆರಿಸಬೇಕು, ಬಾಲ್ಕನಿಯವರ ಹತ್ತಿರ ಯಾರು ಹೋಗಿ ನಿಲ್ಲಬೇಕು ಅನ್ನುವುದು ಆ ದೊಡ್ಡ ಚರ್ಚೆಯಲ್ಲಿ ಮುಂದೆ ಬರಲೇ ಇಲ್ಲ.

ರಿಚರ್ಡ್ಸ್ 2007ರಲ್ಲಿ ಸ್ಟ್ಯಾಂಡ್-ಅಪ್ ಬಿಟ್ಟರು. 2009ರಲ್ಲಿ, ಜೆರ್ರಿ ಜೊತೆ ಸೇರಿ 'ಸೈನ್‌ಫೆಲ್ಡ್' ಹುಟ್ಟುಹಾಕಿದ್ದ ಲ್ಯಾರಿ ಡೇವಿಡ್ ತಮ್ಮ 'ಕರ್ಬ್ ಯುವರ್ ಎಂಥೂಸಿಯಾಸಂ' ಧಾರಾವಾಹಿಗೆ ಅವರನ್ನು ಕರೆದರು. ಅದರಲ್ಲಿ ರಿಚರ್ಡ್ಸ್ ತಾವಾಗಿಯೇ ನಟಿಸಿ, ಸಿಟ್ಟಿಗೆದ್ದು ಕೂಗಾಡುವಾಗ ಸುತ್ತ ನಿಂತವರೆಲ್ಲ ಫೋನ್ ತೆಗೆದು ರೆಕಾರ್ಡ್ ಮಾಡುವ ದೃಶ್ಯ ಇದೆ. ಧೈರ್ಯದ ದೃಶ್ಯ ಅಂತ ಹೊಗಳಿದವರು ಇದ್ದಾರೆ. ನಟನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಬಾಲ್ಕನಿಯಲ್ಲಿ ಕೂತಿದ್ದವರು ಮನೆಯಲ್ಲಿ ಟಿವಿ ಹಾಕಿ ಇದನ್ನು ನೋಡಿದರೆ ಏನನಿಸಬಹುದು ಅನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ.

2012ರಲ್ಲಿ ಸೈನ್‌ಫೆಲ್ಡ್ ಜೊತೆ ಕಾರಿನಲ್ಲಿ ಕೂತು ಮಾತಾಡುವಾಗ ರಿಚರ್ಡ್ಸ್ ಹೇಳಿದ್ದು ನನಗೆ ಲೆಟರ್‌ಮನ್ ಮುಂದೆ ಹೇಳಿದ್ದಕ್ಕಿಂತ ಜಾಸ್ತಿ ಪ್ರಾಮಾಣಿಕ ಅನಿಸಿತು. ಆ ಕೆಲಸ ನನ್ನ ಬಗ್ಗೆ ಅಲ್ಲ, ಅವರ ಬಗ್ಗೆ, ಆ ಸಂಜೆ ನಾನು ಸ್ವಾರ್ಥ ಬಿಟ್ಟು ದುಡಿಯಬೇಕಿತ್ತು ಅನ್ನುವ ಅರ್ಥದಲ್ಲಿ ಹೇಳಿದರು. ಅವರ ಬಗ್ಗೆ ಅಂದರೆ ಪ್ರೇಕ್ಷಕರ ಬಗ್ಗೆ. ವೃತ್ತಿಯ ಮಾತಾಗಿ ಇದು ಸರಿಯಾದ ಮಾತು. ಆದರೆ ಆ ರಾತ್ರಿ ಅಲ್ಲಿ ಇದ್ದದ್ದು ಒಂದೇ ಥರದ ಪ್ರೇಕ್ಷಕರಲ್ಲ. ನಗುವಿಗೆ ಬಂದು ಮುಜುಗರ ಹೊತ್ತು ಹೋದವರು ಒಂದು ಕಡೆ, ನಗುವಿಗೆ ಬಂದು ಆ ಪದ ಹೊತ್ತು ಹೋದವರು ಇನ್ನೊಂದು ಕಡೆ.

ಈ ಎರಡನೆಯವರ ಪರವಾಗಿ ಗ್ಲೋರಿಯಾ ಆಲ್‌ರೆಡ್ ಅನ್ನುವ ಪ್ರಸಿದ್ಧ ವಕೀಲೆ ಆ ವಾರವೇ ಮಾತಾಡಿದ್ದರು. ನಿವೃತ್ತ ನ್ಯಾಯಾಧೀಶರೊಬ್ಬರ ಎದುರು ಕೂತು, ಪರಿಹಾರ ಕೊಡಬೇಕೋ ಬೇಡವೋ ಅಂತ ಅವರೇ ಹೇಳಲಿ ಅನ್ನುವುದು ಒಂದು ಬೇಡಿಕೆ. ಪತ್ರಿಕೆಗಳು ಹೆಚ್ಚು ಹಿಡಿದುಕೊಂಡದ್ದು ಈ ದುಡ್ಡಿನ ಮಾತನ್ನೇ. ಅದರ ಜೊತೆ ಇನ್ನೊಂದು ಬೇಡಿಕೆಯೂ ಇತ್ತು. ಟಿವಿಯಲ್ಲಿ ಅಲ್ಲ, ಬೇರೆಯವರ ಮುಂದೆ ಅಲ್ಲ, ನಮ್ಮ ಎದುರಿಗೆ ಬಂದು ಕ್ಷಮೆ ಕೇಳಿ ಅಂತ.